ಒಬ್ಬನೇ ಗಿರಾಕಿ

ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ ಮಾಡುವ ನಮ್ಮ ಭಾವ ಇವತ್ತು ಲಾರಿ ಬಾಡಿಗೆ ಜಾಸ್ತಿಯಾಯ್ತು ಅಂತ ಗೊಣಗುತ್ತಿದ್ದರು. ನನಗೆ ಸುಮ್ನೆ ಸೇಂಟ್ ಹೆಲೆನಾ ನೆನಪಾಯಿತು. ನೆಪೋಲಿಯನ್‌ನನ್ನು ಕೂಡಿಹಾಕಿದ್ದರಲ್ಲ, ಅದೇ ದ್ವೀಪ. ಆಫ್ರಿಕಾ ತೀರದಿಂದ ಸುಮಾರು 1,900 ಕಿಲೋಮೀಟರ್ ದೂರ, ಇರುವುದು ನಾಲ್ಕು ಸಾವಿರದ ಚಿಲ್ಲರೆ ಜನ.

ಒಂದು ಕಾಲಕ್ಕೆ ಅಲ್ಲಿನ ಗುಡ್ಡದ ಮೇಲೆಲ್ಲ ನ್ಯೂಜಿಲೆಂಡ್ ಫ್ಲ್ಯಾಕ್ಸ್ ಅನ್ನುವ ನಾರಿನ ಗಿಡ ಬೆಳೆದು, ಗಿರಣಿಗಳಲ್ಲಿ ನಾರು ತೆಗೆದು ಹಡಗಿಗೆ ಹಾಕುತ್ತಿದ್ದರು, ದೊಡ್ಡ ಗಿರಾಕಿ ಅಂದರೆ ಬ್ರಿಟನ್ನಿನ ಅಂಚೆ ಇಲಾಖೆ, ಟಪಾಲು ಕಟ್ಟುವ ಹುರಿಗೆ ಅದೇ ನಾರು. ಆಮೇಲೆ ಅಂಚೆಯವರು ಸಿಂಥೆಟಿಕ್ ದಾರ ಹಿಡಿದರು. 1966ರ ಹೊತ್ತಿಗೆ ಗಿರಣಿಗಳು ಮುಚ್ಚಿದವು. ಊರಿನ ಒಂದೇ ಸಕ್ಕರೆ ಕಾರ್ಖಾನೆ ನಿಂತರೆ ಕಬ್ಬಿನವರ ಗತಿ ಏನು ಅಂತ ನಮಗೆ ಹೇಳಿಕೊಡಬೇಕಾ?

ಆಮೇಲೆ ಅಲ್ಲಿಂದ ಹೊರಗೆ ಹೋದದ್ದು ಮೀನು, ಒಂದಿಷ್ಟು ಕಾಫಿ. ಕಾಫಿ ತಳಿ 1733ರಲ್ಲಿ ಯೆಮೆನ್‌ನಿಂದ ಬಂದದ್ದು, ಬೆಲೆ ಭರ್ಜರಿ, ಆದರೆ ಬೆಳೆಯುವುದೇ ಸ್ವಲ್ಪ. 2017ರಿಂದ ವಿಮಾನ ಓಡಾಡುತ್ತಿದೆ, ಆದರೂ ಭಾರದ ಸರಕಿಗೆ ಹಡಗೇ ಗತಿ. ಇಂಥ ಕಡೆ ಕಮ್ಮಿ ಸರಕು, ಜಾಸ್ತಿ ಬೆಲೆ, ಇದೊಂದೇ ದಾರಿ ಅನ್ನಿಸುತ್ತದೆ ನನಗೆ. ಭಾವನಿಗೆ ಇದೆಲ್ಲ ಹೇಳಿದರೆ, "ಸರಿ ಕಣಪ್ಪಾ, ಲಾರಿ ಬಾಡಿಗೆ ನೀನು ಕೊಡ್ತೀಯಾ?" ಅಂದರು.