ಏಳನೆಯ ಮನೆಯ ಕೊಳ

ಇಂದು ಅಕ್ಕಪಕ್ಕದವರೆಲ್ಲ ಸೇರಿ ಮನೆಮನೆಯ ಕೈತೋಟದ ಕೊಳಗಳನ್ನು ನೋಡುತ್ತ ಸುತ್ತಿದೆವು. ಕಾರಂಜಿ, ಬಣ್ಣದ ದೀಪ, ಕೊಬ್ಬಿದ ಕೋಯಿ ಮೀನುಗಳು. ಚೆನ್ನಾಗಿದ್ದವು, ಅಷ್ಟೆ.

ನನ್ನ ಕಾಲು ನಿಂತದ್ದು ಏಳನೆಯ ಮನೆಯಲ್ಲಿ. ಹಳೆಯ ಸ್ನಾನದ ತೊಟ್ಟಿಯನ್ನೇ ಮಣ್ಣಿನಲ್ಲಿ ಹೂತು ಮಾಡಿದ ಕೊಳ. ಜೊಂಡಿನ ಕಡ್ಡಿಯೊಂದಕ್ಕೆ ಒಣಗಿದ ಪೊರೆ ಅಂಟಿಕೊಂಡಿತ್ತು. ಆರು ಕಾಲುಗಳೂ ಹಾಗೆಯೇ ಇದ್ದವು, ಬೆನ್ನು ಮಾತ್ರ ಸೀಳಿತ್ತು. ಏರೋಪ್ಲೇನ್ ಚಿಟ್ಟೆ ಬಿಟ್ಟುಹೋದ ಅಂಗಿ! ತಿಂಗಳುಗಟ್ಟಲೆ ನೀರಿನಡಿ ಸೊಳ್ಳೆಮರಿ ತಿಂದುಕೊಂಡಿದ್ದು, ಒಂದು ದಿನ ಕಡ್ಡಿ ಹತ್ತಿ, ಬೆನ್ನು ಬಿರಿದು, ಹಾರಿಯೇ ಹೋಗಿದೆ. ಈ ಕೊಳದಲ್ಲೂ ಮೀನುಗಳಿದ್ದಿದ್ದರೆ ಅವುಗಳ ಬಾಯಿಗೆ ಬಿದ್ದು, ಬಹುಶಃ ಅಷ್ಟು ದೂರ ಬರುತ್ತಿರಲಿಲ್ಲ.

ನಾನಾದರೋ ಹಳೆಯ ಅಂಗಿಗಳನ್ನೂ ಬಿಡದೆ ಕಪಾಟಿನಲ್ಲಿ ತುಂಬಿಟ್ಟುಕೊಂಡಿದ್ದೇನೆ.

"ಸ್ವಚ್ಛ ಮಾಡಲು ಸಮಯವಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡಿ" ಎಂದು ಮನೆಯಾಕೆ ಸಂಕೋಚಪಟ್ಟರು.

ಸದ್ಯ, ಆಗಲಿಲ್ಲವಲ್ಲ!