ಅಪ್ಪ ಬಡಿಗೇರ, ಮನೇಲಿ ಅವರು ಮಾಡಿದ ಒಂದು ಕುರ್ಚಿನೂ ಯಾಕಿಲ್ಲ?

ಊರಿಂದ ಯಾರೇ ಬರಲಿ, ಪುಣೆ ಹತ್ತಿರದ ನಿಗಡಿಯ ನಮ್ಮ ಮನೆಯಲ್ಲಿ ಚಹಾ ಕುಡಿದು, ಸುತ್ತ ಒಮ್ಮೆ ಕಣ್ಣಾಡಿಸಿ ಕೇಳುವುದು ಇದನ್ನೇ: "ನಿಮ್ಮಪ್ಪ ಅಂಥಾ ಕೈ ಇದ್ದ ಬಡಿಗೇರ, ಅವರು ಮಾಡಿದ್ದು ಒಂದ್ ಸಾಮಾನರ ಮನ್ಯಾಗ ಕಾಣಂಗಿಲ್ಲಲ್ಲೋ?" ಅಪ್ಪ ತೀರಿಕೊಂಡ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಪುಣೆಯ ಗೆಳೆಯರೂ ಕೇಳುತ್ತಾರೆ, ಮರಾಠಿಯಲ್ಲಿ.

ನಿಜ, ಏನೂ ಇಲ್ಲ. ಇರುವುದು ಸ್ಟೀಲಿನ ಕಪಾಟು, ಕಬ್ಬಿಣದ ಮಂಚ, ಪ್ಲಾಸ್ಟಿಕ್ ಕುರ್ಚಿ.

ನಮ್ಮದು ಬೆಳಗಾವಿ ಕಡೆಯ ಹಳ್ಳಿ. ಅಜ್ಜ ಕೂರಿಗೆ, ಕುಂಟೆ, ಬಂಡಿಯ ಗಾಲಿ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ರೈತರು ಆಯ, ಅಂದರೆ ಕೆಲಸದ ಕೂಲಿಯಾಗಿ ಜೋಳ ಕೊಡುತ್ತಿದ್ದರು. ಕಬ್ಬಿಣದ ನೇಗಿಲು, ಟ್ರ್ಯಾಕ್ಟರು ಬಂದಂತೆ ಆಯವೂ ಕಮ್ಮಿಯಾಯಿತು, ಅಪ್ಪ ಪುಣೆ ಬಸ್ ಹತ್ತಿದರು. ಅಲ್ಲೇ ಭೋಸರಿಯ ಒಂದು ಫೌಂಡ್ರಿಯ (ಲೋಹದ ಎರಕ ಹೊಯ್ಯುವ ಕಾರ್ಖಾನೆ) ಪ್ಯಾಟರ್ನ್ ಶಾಪ್‌ನಲ್ಲಿ ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅದೇ ಕೆಲಸ.

ಇನ್ನು ಸ್ವಲ್ಪ ಕಸುಬಿನ ಮಾತು, ಬೇಜಾರಾದರೆ ದಾಟಿಕೊಳ್ಳಿ. ಪಂಪಿನ ಹೊರಮೈ, ಗೇರ್‌ಬಾಕ್ಸ್‌ನ ಡಬ್ಬಿ, ವಾಲ್ವು, ಇಂಥವನ್ನು ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಕಟ್ಟಿಗೆಯಲ್ಲಿ ಮಾಡಬೇಕು. ಅದಕ್ಕೇ ಪ್ಯಾಟರ್ನ್ ಅನ್ನುವುದು. ಅದರ ಸುತ್ತ ಮರಳು ತುಂಬಿ, ಬಡಿದು ಬಿಗಿ ಮಾಡಿ, ಮೆಲ್ಲಗೆ ಮೇಲೆತ್ತಿದರೆ ಮರಳಿನಲ್ಲಿ ಅಚ್ಚು ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆದರೆ ಲೋಹ ಆರುತ್ತಾ ಕುಗ್ಗುತ್ತದೆ: ಎರಕದ ಕಬ್ಬಿಣ ಮೀಟರಿಗೆ ಸುಮಾರು 10 ಮಿ.ಮೀ., ಉಕ್ಕು ಸುಮಾರು 20. ಹಾಗಾಗಿ ಬಡಗಿ ಮೊದಲೇ ಅಷ್ಟು ದೊಡ್ಡದು ಮಾಡಬೇಕು. ಇದಕ್ಕೇ ಬೇರೆ ಸ್ಕೇಲು ಬರುತ್ತದೆ, ನೋಡೋಕೆ ಮಾಮೂಲಿನ ಹಾಗೇ, ಆದರೆ ಅದರ ಒಂದೊಂದು ಸೆಂಟಿಮೀಟರೂ ಚೂರು ಉದ್ದ. ಅಪ್ಪನ ಸ್ಕೇಲಿನಲ್ಲಿ ಅಕ್ಕ ಒಮ್ಮೆ ಶಾಲೆಯ ರೇಖಾಗಣಿತ ಬಿಡಿಸಿ, ಎಲ್ಲ ಗೆರೆಗಳೂ ಉದ್ದವಾಗಿ ಟೀಚರ ಹತ್ತಿರ ಬೈಸಿಕೊಂಡಿದ್ದಳು!

ಕುಗ್ಗುವುದೊಂದೇ ಲೆಕ್ಕ ಅಲ್ಲ. ಪ್ಯಾಟರ್ನ್ ಎತ್ತುವಾಗ ಮರಳು ಒಡೆಯಬಾರದು ಅಂತ ಬದಿಗಳಿಗೆ ಒಂದೆರಡು ಡಿಗ್ರಿ ಇಳಿಜಾರು ಕೊಡಬೇಕು. ಆಮೇಲೆ ಮಶೀನಿನಲ್ಲಿ ತುರಿದು ತೆಗೆಯುವ ಜಾಗಕ್ಕೆ ದಪ್ಪ ಬಿಡಬೇಕು. ಒಳಗೆ ಪೊಳ್ಳಿರುವ ಕಡೆ ಮರಳಿನದೇ ಗಟ್ಟಿ ತುಂಡು ಕೂರಿಸುತ್ತಾರೆ, ಅದನ್ನು ಮಾಡೋಕೆ ಬೇರೆ ಪೆಟ್ಟಿಗೆ ಬೇಕು. ಅಪ್ಪ ಓದಿದ್ದು ಏಳನೇ ಕ್ಲಾಸು, ಇಂಗ್ಲಿಷ್ ಅಷ್ಟಕ್ಕಷ್ಟೇ. ಡ್ರಾಯಿಂಗ್ ಹಾಳೆ ಮಾತ್ರ ಪೇಪರ್ ಓದಿದ ಹಾಗೆ ಓದುತ್ತಿದ್ದರು. ಅಮೆರಿಕದ ಕಂಪನಿಗಳ ಡ್ರಾಯಿಂಗ್‌ನಲ್ಲಿ ಮೇಲಿನ ನೋಟ ಮೇಲೆಯೇ ಇರುತ್ತದೆ, ನಮ್ಮಲ್ಲಿ ಕೆಳಗೆ. ಹೊಸದಾಗಿ ಬಂದ ಡಿಪ್ಲೊಮಾ ಹುಡುಗರು ಅಲ್ಲಿ ಎಡವಿದರೆ ಅವರೇ ಹೇಳಿಕೊಡುತ್ತಿದ್ದರು.

ಈಗ ಪ್ರಶ್ನೆಗೆ ಬರುತ್ತೇನೆ. ಅವರು ಮಾಡಿದ್ದು ಕಂಪನಿಯ ಸೊತ್ತು. ಆರ್ಡರ್ ಇರುವವರೆಗೆ ರ‍್ಯಾಕಿನಲ್ಲಿ, ಆಮೇಲೆ ಒಲೆಗೋ ಗುಜರಿಗೋ. ಗೇಟಿನಲ್ಲಿ ತಪಾಸಣೆ ಇತ್ತು, ಇಲ್ಲದಿದ್ದರೂ ಸಾಗವಾನಿಯ ಒಂದು ಚೂರನ್ನೂ ಅವರು ಮನೆಗೆ ತರುತ್ತಿರಲಿಲ್ಲ. ಕೊಂಡು ಮಾಡೋಣ ಅಂದರೆ ಸಾಗವಾನಿ ತುಟ್ಟಿ. ಓವರ್‌ಟೈಮ್ ದುಡ್ಡು ಊರಲ್ಲಿ ಕಾಕಾ ತೋಡಿಸಿದ ಬಾವಿಯ ಸಾಲಕ್ಕೆ, ಅಕ್ಕನ ನರ್ಸಿಂಗ್ ಫೀಸಿಗೆ, ನನ್ನ ಪಾಲಿಟೆಕ್ನಿಕ್‌ಗೆ ಹೋಯಿತು. ಪಗಾರದ ಪಾಕೀಟು ಒಡೆಯದೆ ಅವ್ವನ ಕೈಗೆ ಕೊಡುತ್ತಿದ್ದರು. ಬಸ್ಸಿನ ಚಿಲ್ಲರೆ ಕೂಡ ಅವಳೇ ಎಣಿಸಿ ಕೊಡಬೇಕಿತ್ತು. ಇನ್ನು ಕಪಾಟಿನ ವಿಷಯ: ಅವರು ಕಟ್ಟಿಗೆಯದು ಮಾಡಿಕೊಡ್ತೀನಿ ಅಂದಿದ್ದರು. ಆಗ ನಾವಿದ್ದ ಚಾಳಿನಲ್ಲಿ, ಅಂದರೆ ಸಾಲುಮನೆಗಳಲ್ಲಿ, ಎಲ್ಲರ ಮನೆಯಲ್ಲೂ ಸ್ಟೀಲಿನದೇ ಇತ್ತು, ಅವ್ವನಿಗೆ ಅದೇ ಬೇಕಿತ್ತು, ಕನ್ನಡಿ ಇರುವಂಥದ್ದು. ತಪ್ಪೇನಿದೆ, ಅಲ್ವಾ?

ರಜೆ ದಿನ ಮಾಡಬಹುದಿತ್ತಲ್ಲ ಅಂತ ಕೆಲವರು ಬಿಡುವುದಿಲ್ಲ. ಫ್ಯಾಕ್ಟರಿಗೆ ವಾರದ ರಜೆ ಗುರುವಾರ, ನಮಗೆ ಅವತ್ತು ಶಾಲೆ. ಅಪ್ಪ ಉಳಿ, ಕೀಸುಳಿ ಮುಟ್ಟುತ್ತಿರಲಿಲ್ಲ. ಬಟ್ಟೆ ಒಗೆದು, ಸಂತೆ ಮಾಡಿ, ಮಧ್ಯಾಹ್ನದ ಬಿಡುವಿಗೆ ಸರಿಯಾಗಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಶಾಲೆಯ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಆ ಒಂದು ದಿನವನ್ನೂ ಸ್ಟೂಲು ಮಾಡುತ್ತಾ ಕಳೆದಿದ್ದರೆ ನನಗೇನೂ ಲಾಭ ಇರಲಿಲ್ಲ.

ಅವರಿಗೆ ಇದರ ಬೇಸರ ಇತ್ತಾ? ನನಗೆ ಹಾಗನಿಸಿಲ್ಲ. ಖುಷಿಯಾದ ದಿನ ಮನೆಗೆ ಬಂದು ಕೈಕಾಲು ತೊಳೆಯುತ್ತಲೇ ಅವ್ವನಿಗೆ ಹೇಳುತ್ತಿದ್ದರು: "ಇವತ್ತ ಒಂದ ಸಲಕ್ಕ ಎದ್ದು ಬಂತ ನೋಡು, ಒಂದ ಕಾಳ ಉಸುಕ ಬೀಳಲಿಲ್ಲ." ಅವ್ವನಿಗೆ ಅದರ ತಲೆಬುಡ ಗೊತ್ತಾಗುತ್ತಿರಲಿಲ್ಲ, "ಛಲೋ ಆತು" ಅಂತ ತಾಟು ಹಾಕುತ್ತಿದ್ದಳು.

ಈಗ ಕಂಪ್ಯೂಟರಿನಲ್ಲಿ ಬಿಡಿಸಿ, ಮಶೀನೇ ಕೊರೆಯುತ್ತದೆ. ಹಳೇ ಕಟ್ಟಿಗೆಯ ಪ್ಯಾಟರ್ನ್‌ಗಳು ಗೋಡೆಯ ಅಲಂಕಾರಕ್ಕೆ ಅಂತ ಒಳ್ಳೇ ಬೆಲೆಗೆ ಹೋಗುತ್ತವೆ. ಒಬ್ಬ ಗೆಳೆಯ ಪ್ರೀತಿಯಿಂದಲೇ, ಅಪ್ಪನ ನೆನಪಿಗೆ ಒಂದು ಕೊಡಿಸ್ತೀನಿ ಅಂದ. ಬೇಡ ಅಂದೆ. ಅದು ಯಾರ ಕೈಯದೋ ಏನೋ, ನಮ್ಮ ಗೋಡೆಗೆ ಬಂದರೆ ಎಲ್ಲರೂ ಅಪ್ಪನದು ಅಂದುಕೊಳ್ಳುತ್ತಾರೆ.