ಡಾಕ್ಯುಮೆಂಟರಿ ಯಾವ ಫೋಲ್ಡರ್‌ಗೆ ಹೋಗಬೇಕು?

ಮನೆಗಳಿಗೆ ನ್ಯಾಸ್, ಅಂದರೆ ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಹಾರ್ಡ್ ಡಿಸ್ಕ್ ತುಂಬಿದ ಪೆಟ್ಟಿಗೆ ಕೂರಿಸಿ, ಅದರಲ್ಲಿರುವ ವಿಡಿಯೋಗಳನ್ನು ಪೋಸ್ಟರ್, ವಿವರದ ಸಮೇತ ಟಿವಿಗೆ ತೋರಿಸುವ ಜೆಲ್ಲಿಫಿನ್ ಅಥವಾ ಪ್ಲೆಕ್ಸ್ ಎಂಬ ಸರ್ವರ್ ಹಾಕಿಕೊಡುವುದು ನನ್ನ ಕೆಲಸ. ಸಿನಿಮಾ ಜೋಡಿಸುವುದು ಸುಲಭ. ಧಾರಾವಾಹಿಯೂ ಅಷ್ಟೇ. ತಲೆ ತಿನ್ನುವುದು ಡಾಕ್ಯುಮೆಂಟರಿ. ಅದರಲ್ಲೂ ಓದಿಕೊಂಡವರ ಮನೆಯಲ್ಲಿ ಕಾಟ ಜಾಸ್ತಿ. ಯಾಕೆಂದರೆ ನಾನು ಹೋಗುವಷ್ಟರಲ್ಲಿ ಅವರು ಎಲ್ಲವನ್ನೂ ವಿಷಯವಾರು ವಿಂಗಡಿಸಿ ಮುಗಿಸಿರುತ್ತಾರೆ.

ಮೈಸೂರಿನಲ್ಲಿ ಒಬ್ಬರು ನಿವೃತ್ತ ಪ್ರಾಣಿಶಾಸ್ತ್ರ ಮೇಷ್ಟ್ರಿದ್ದಾರೆ. ಅವರ ವನ್ಯಜೀವಿ ಫೋಲ್ಡರ್ ಒಳಗೆ ಸಸ್ತನಿ, ಪಕ್ಷಿ, ಸರೀಸೃಪ ಅಂತ ಬೇರೆ ಬೇರೆ ಫೋಲ್ಡರ್‌ಗಳು. ನೋಡಿದರೆ ಖುಷಿಯಾಗುತ್ತದೆ. ಮಗ ಊರಿಗೆ ಬಂದಾಗ ಇಡೀ ರಾಶಿಯನ್ನು ಸಿನಿಮಾ ಲೈಬ್ರರಿ ಅಂತ ಸರ್ವರ್‌ಗೆ ತೋರಿಸಿ ಹೋಗಿದ್ದ. ಬಿಬಿಸಿಯ ವನ್ಯಜೀವಿ ಸರಣಿ ಪ್ಲ್ಯಾನೆಟ್ ಅರ್ಥ್‌ನ 'ಕೇವ್ಸ್' ಕಂತಿಗೆ ಯಾವುದೋ ಹಾರರ್ ಚಿತ್ರದ ಪೋಸ್ಟರ್ ಬಂದು ಕೂತಿತ್ತು. 'ಮೌಂಟನ್ಸ್' ಕಂತಿಗೆ ಇನ್ಯಾವುದೋ ದೇಶದ ಪ್ರೇಮಕಥೆ. ಮೇಷ್ಟ್ರು ನನಗೆ ಫೋನ್ ಮಾಡಿದ್ದೇ ಇದಕ್ಕೆ.

ಸರ್ವರ್ ವಿಡಿಯೋ ತೆರೆದು ಒಳಗೆ ಹುಲಿ ಇದೆಯೋ ರಾಜ ಇದ್ದಾನೋ ಅಂತ ನೋಡುವುದಿಲ್ಲ. ಫೋಲ್ಡರ್ ಹೆಸರು ಮತ್ತು ಇಸವಿ ತೆಗೆದುಕೊಂಡು ಚಿತ್ರ, ಸರಣಿಗಳ ವಿವರ ಇಟ್ಟಿರುವ ಟಿಎಂಡಿಬಿ, ಟಿವಿಡಿಬಿ ಥರದ ಆನ್‌ಲೈನ್ ಡೇಟಾಬೇಸ್‌ಗೆ ಹೋಗಿ ಕೇಳುತ್ತದೆ. ಅಲ್ಲಿ ಮುಖ್ಯವಾಗಿ ಎರಡೇ ಕಪಾಟು. ಒಂದು ಚಿತ್ರ, ಇನ್ನೊಂದು ಟಿವಿ ಸರಣಿ. ಡಾಕ್ಯುಮೆಂಟರಿ ಅನ್ನುವುದು ಹಾಸ್ಯ, ಥ್ರಿಲ್ಲರ್ ಇದ್ದ ಹಾಗೆ ಬರೀ ಒಂದು ಪ್ರಕಾರ. ಹಾಗಾಗಿ ನಾನು ಮೊದಲು ಕೇಳುವುದು ಇದು ವನ್ಯಜೀವಿಯೋ ಇತಿಹಾಸವೋ ಅಂತಲ್ಲ. ಒಂದೇ ಚಿತ್ರವೋ, ಕಂತುಗಳೋ? ಅಷ್ಟರ ಮೇಲೆ ಎರಡು ಲೈಬ್ರರಿ ಮಾಡುತ್ತೇನೆ. 'ಡಾಕ್ಯುಮೆಂಟರಿ ಚಿತ್ರಗಳು' ಸಿನಿಮಾ ಬಗೆಯದು, 'ಡಾಕ್ಯುಮೆಂಟರಿ ಸರಣಿಗಳು' ಶೋ ಬಗೆಯದು. ಎರಡನ್ನೂ ಬೆರೆಸುವ ಮಿಕ್ಸೆಡ್ ಬಗೆಯೊಂದು ಜೆಲ್ಲಿಫಿನ್‌ನಲ್ಲಿ ಇದೆ. ಅದರ ತಂಟೆಗೆ ಹೋಗಬೇಡಿ.

ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. 2023ರಲ್ಲಿ ಆಸ್ಕರ್ ಗೆದ್ದ 'ದಿ ಎಲಿಫೆಂಟ್ ವಿಸ್ಪರರ್ಸ್' ಮುಕ್ಕಾಲು ಗಂಟೆಯೂ ಇಲ್ಲ, ಆದರೂ ಅದು ಚಿತ್ರ. 2020ರಲ್ಲಿ ನಮ್ಮ ಥಿಯೇಟರ್‌ಗಳಿಗೆ ಬಂದ 'ವೈಲ್ಡ್ ಕರ್ನಾಟಕ' ಕೂಡ ಚಿತ್ರ.

ಇನ್ನು ಇಸವಿ. ಫೋಲ್ಡರ್ ಹೆಸರಿನ ಕೊನೆಗೆ ಕಂಸದಲ್ಲಿ ಇಸವಿ ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ, ಅರ್ಧ ಜನ ಹಾಕುವುದಿಲ್ಲ. ಕಾಸ್ಮಾಸ್ ಸರಣಿಯನ್ನೇ ನೋಡಿ. 1980ರಲ್ಲಿ ಕಾರ್ಲ್ ಸೇಗನ್ ನಡೆಸಿಕೊಟ್ಟದ್ದು 13 ಕಂತು. 2014ರಲ್ಲಿ ನೀಲ್ ಡಿಗ್ರಾಸ್ ಟೈಸನ್ ನಡೆಸಿಕೊಟ್ಟದ್ದೂ 13 ಕಂತು! ಫೋಲ್ಡರ್‌ಗೆ ಸುಮ್ನೆ 'ಕಾಸ್ಮಾಸ್' ಅಂತ ಹೆಸರಿಟ್ಟರೆ ಸರ್ವರ್ ಎರಡರಲ್ಲಿ ಒಂದನ್ನು ಹಿಡಿದುಕೊಳ್ಳುತ್ತದೆ. ತಪ್ಪಾಗಿ ಹಿಡಿದರೂ ಒಂದು ಕಂತೂ ಹೆಚ್ಚುಕಮ್ಮಿ ಆಗುವುದಿಲ್ಲ, ಎಲ್ಲ ಕಂತಿಗೂ ಹೆಸರು, ವಿವರ ಬಂದು ಬಿಡುತ್ತದೆ. ಮೇಲ್ನೋಟಕ್ಕೆ ಎಲ್ಲವೂ ಸರಿ. ಪ್ಲೇ ಒತ್ತಿದಾಗಲೇ ಸೇಗನ್ ಬದಲು ಟೈಸನ್ ಬರುವುದು. ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಕೂಗಿಕೊಳ್ಳುವ ತಪ್ಪಿಗಿಂತ ಹೀಗೆ ತೆಪ್ಪಗೆ ಕೂರುವ ತಪ್ಪೇ ನನಗೆ ಹೆಚ್ಚು ಕೆಲಸ ಕೊಟ್ಟಿದೆ.

ಪ್ಲ್ಯಾನೆಟ್ ಅರ್ಥ್‌ನದು ಉಲ್ಟಾ ಕಥೆ. ಮೊದಲನೆಯದು 2006ರದು, ಎರಡನೆಯದು 2016, ಮೂರನೆಯದು 2023. ಜನ ಇದನ್ನು ಸೀಸನ್ 1, 2, 3 ಅಂತ ಒಂದೇ ಫೋಲ್ಡರ್‌ಗೆ ತುಂಬುತ್ತಾರೆ. ಡೇಟಾಬೇಸ್‌ನಲ್ಲಿ ಇವು ಮೂರು ಬೇರೆ ಬೇರೆ ಸರಣಿ. ಒಂದೊಂದಕ್ಕೂ ಒಂದೊಂದು ಫೋಲ್ಡರ್, ಒಂದೊಂದರ ಒಳಗೂ ಸೀಸನ್ 01. ಇಸವಿ ಹಾಕಿಯೂ ದಾರಿ ತಪ್ಪಿದರೆ, ಟಿಎಂಡಿಬಿ ಪುಟದ ವಿಳಾಸದಲ್ಲಿರುವ ಸಂಖ್ಯೆಯನ್ನು ಫೋಲ್ಡರ್ ಹೆಸರಿಗೇ ಸೇರಿಸಿಬಿಡಿ. ಜೆಲ್ಲಿಫಿನ್‌ಗಾದರೆ ಚೌಕ ಕಂಸ, ಪ್ಲೆಕ್ಸ್‌ಗಾದರೆ ಹೂಕಂಸ. ಆಮೇಲೆ ಅದು ಊಹೆ ಮಾಡಲು ಹೋಗುವುದಿಲ್ಲ.

ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ಮಾತು. ಮೇಷ್ಟ್ರ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ಇದ್ದ ಕೆಲವು ಫೈಲುಗಳು ನ್ಯಾಸ್‌ಗೆ ಕಾಪಿಯೇ ಆಗುತ್ತಿರಲಿಲ್ಲ. ಹೆಸರು ಉದ್ದ ಅನ್ನುತ್ತಿತ್ತು. ವಿಂಡೋಸ್ ಹೆಸರಿನ ಅಕ್ಷರ ಎಣಿಸುತ್ತದೆ, ನ್ಯಾಸ್ ಒಳಗಿನ ಲಿನಕ್ಸ್ ಬೈಟ್ ಎಣಿಸುತ್ತದೆ. ಮಿತಿ 255 ಬೈಟ್. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ಕಾಗುಣಿತ, ಒತ್ತಿನ ಕೊಂಡಿ ಎಲ್ಲಕ್ಕೂ ಬೇರೆ ಲೆಕ್ಕ. 'ಕರ್ನಾಟಕ' ನಮ್ಮ ಕಣ್ಣಿಗೆ ನಾಲ್ಕಕ್ಷರ, ಡಿಸ್ಕ್‌ಗೆ 21 ಬೈಟ್. ಕೆಲವು ನ್ಯಾಸ್‌ಗಳಲ್ಲಿ ಫೋಲ್ಡರ್‌ಗೆ ಎನ್‌ಕ್ರಿಪ್ಷನ್ ಹಾಕಿದರೆ ಮಿತಿ 143ಕ್ಕೆ ಇಳಿಯುತ್ತದೆ. 'ಪಶ್ಚಿಮ ಘಟ್ಟದ ಕಪ್ಪೆಗಳ ಸಂತಾನೋತ್ಪತ್ತಿ ಕುರಿತ ಕ್ಷೇತ್ರ ದಾಖಲೆ ಭಾಗ ಒಂದು' ಅಂತ ಹೆಸರಿಟ್ಟರೆ ಅಲ್ಲಿ ನಡೆಯದು. ಡಿಸ್ಕ್‌ನಲ್ಲಿ ಗಿಡ್ಡ ಹೆಸರು ಇಡಿ, ಪೂರ್ತಿ ಶೀರ್ಷಿಕೆಯನ್ನು ಸರ್ವರ್ ಒಳಗೆ ಬರೆಯಿರಿ. ಡಾಕ್ಯುಮೆಂಟರಿ ಮಾಡುವವರಿಗೆ ಶೀರ್ಷಿಕೆ ನಡುವೆ ಕೋಲನ್ ಇಲ್ಲದಿದ್ದರೆ ತೃಪ್ತಿಯಿಲ್ಲ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಅದು ನಿಷಿದ್ಧ. ಅಡ್ಡಗೆರೆ ಹಾಕಿದರೆ ಸಾಕು.

ಇಷ್ಟೆಲ್ಲ ಮುಗಿಸಿ ತೋರಿಸಿದಾಗ ಮೇಷ್ಟ್ರ ಮುಖ ಬಾಡಿತು. "ಅಲ್ಲಪ್ಪಾ, ಆನೆ ಒಂದು ಕಡೆ, ಹಕ್ಕಿ ಒಂದು ಕಡೆ ಇಟ್ಟಿದ್ದೆ. ಎಲ್ಲ ಕಲಸಿಬಿಟ್ಟೆಯಲ್ಲ?" ಅವರ ಕೋಪ ನ್ಯಾಯವೇ. "ಸರ್, ವಿಂಗಡಣೆ ಎಲ್ಲಿಗೂ ಹೋಗಿಲ್ಲ, ಜಾಗ ಬದಲಾಗಿದೆ ಅಷ್ಟೇ" ಅಂತ ಹೇಳಿ ಕಲೆಕ್ಷನ್ ಮಾಡುವುದನ್ನು ತೋರಿಸಿದೆ. ಸಸ್ತನಿ, ಪಕ್ಷಿ, ಸರೀಸೃಪ ಎಲ್ಲವೂ ಕಲೆಕ್ಷನ್‌ಗಳಾದವು. ಫೋಲ್ಡರ್‌ನಲ್ಲಿ ಒಂದು ಫೈಲು ಒಂದೇ ಕಡೆ ಇರಬೇಕು. ಕಲೆಕ್ಷನ್‌ನಲ್ಲಿ ಆ ಕಟ್ಟಿಲ್ಲ. ಮುದುಮಲೈ ಆನೆಯ ಚಿತ್ರವನ್ನು 'ಸಸ್ತನಿ'ಗೂ ಹಾಕಬಹುದು, 'ನೀಲಗಿರಿ'ಗೂ ಹಾಕಬಹುದು. ಇದು ಗೊತ್ತಾದ ಮೇಲೆ ಮೌಸ್ ನನ್ನ ಕೈಗೆ ವಾಪಸ್ ಬರಲಿಲ್ಲ.

ಯಾವ ಡೇಟಾಬೇಸ್‌ನಲ್ಲೂ ಇಲ್ಲದವು ಪ್ರತಿ ಕನ್ನಡ ಮನೆಯಲ್ಲೂ ಇರುತ್ತವೆ. ಹಳೆಯ ದೂರದರ್ಶನದ ರೆಕಾರ್ಡಿಂಗ್, ಕಾಲೇಜಿನವರು ತೆಗೆದದ್ದು, ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದು. ಇವಕ್ಕೆ ಕೈಯಾರೆ ಶೀರ್ಷಿಕೆ, ಇಸವಿ, ನಾಲ್ಕು ಸಾಲು ವಿವರ ಬರೆದು, ಮುಂದಿನ ಸ್ಕ್ಯಾನ್ ಅಳಿಸದ ಹಾಗೆ ಲಾಕ್ ಮಾಡಬೇಕು. ಜೊತೆಗೆ ಜೆಲ್ಲಿಫಿನ್‌ನ ಲೈಬ್ರರಿ ಸೆಟ್ಟಿಂಗ್‌ನಲ್ಲಿ ಎನ್‌ಎಫ್‌ಒ ಫೈಲ್ (ಈ ವಿವರಗಳನ್ನು ವಿಡಿಯೋ ಪಕ್ಕದಲ್ಲೇ ಬರೆದಿಡುವ ಪುಟ್ಟ ಫೈಲ್) ಉಳಿಸುವ ಆಯ್ಕೆ ಆನ್ ಮಾಡಿ, ಪೋಸ್ಟರ್ ಕೂಡ ವಿಡಿಯೋ ಪಕ್ಕದಲ್ಲೇ ಇರಲಿ. ಬರೆದದ್ದೆಲ್ಲ ಸರ್ವರ್ ಒಳಗೆ ಮಾತ್ರ ಇದ್ದರೆ, ಅದನ್ನು ಹೊಸದಾಗಿ ಹಾಕಬೇಕಾದ ದಿನ ಅಷ್ಟೂ ಹೋಯಿತು.

ಬಿಬಿಸಿಯ 'ಹೊರೈಜನ್' ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಒಪ್ಪಂದವಾಗಿಲ್ಲ. 1964ರಲ್ಲಿ ಶುರುವಾದ ಸರಣಿ ಅದು. ಒಂದೊಂದು ಕಂತಿಗೂ ಬೇರೆ ವಿಷಯ, ಒಂದಕ್ಕೊಂದು ಸಂಬಂಧವಿಲ್ಲ. ಸರಣಿ ಅಂತ ಹಾಕಿದರೆ ಯಾವ ಸೀಸನ್, ಎಷ್ಟನೇ ಕಂತು ಅಂತ ಹುಡುಕಿಯೇ ಹಾಕಬೇಕು. ಮೇಷ್ಟ್ರ ಹತ್ತಿರ ಇರುವುದು ಅಲ್ಲೊಂದು ಇಲ್ಲೊಂದು ಬಿಡಿ ಕಂತು. "ಅದಕ್ಕೆ ಯಾಕಯ್ಯಾ ಅಷ್ಟು ಜಾತಕ?" ಅನ್ನುತ್ತಾರೆ. ಸದ್ಯಕ್ಕೆ ಅವನ್ನು ಹೋಮ್ ವಿಡಿಯೋ ಬಗೆಯ ಲೈಬ್ರರಿಯಲ್ಲಿ ಇಟ್ಟಿದ್ದೇನೆ. ಅಲ್ಲಿ ಸರ್ವರ್ ಡೇಟಾಬೇಸ್‌ ಹುಡುಕುವುದಿಲ್ಲ, ಫೈಲಿಗೆ ಅವರು ಇಟ್ಟ ಹೆಸರೇ ಪರದೆ ಮೇಲೆ ಬರುತ್ತದೆ.